ಪಕ್ಕದ ಗದ್ದೆ ಕೊಂಡಂತೆ: ವರ್ಚುವಲ್ ಮೆಷಿನ್‌ನ ಡೇಟಾ ಡಿಸ್ಕ್ ದೊಡ್ಡದು ಮಾಡುವ ವಿಧಾನ

ಭತ್ತದ ಸುಗ್ಗಿಯ ಒಂದು ಬೆಳಗ್ಗೆ, ಏಳೂವರೆ ಹೊತ್ತಿಗೆ ಮಂಡ್ಯ ಹತ್ತಿರದ ಒಂದು ರೈಸ್ ಮಿಲ್‌ನಿಂದ ಫೋನ್ ಬಂತು. "ಸಾರ್, ತೂಕದ ಚೀಟಿ ಬರ್ತಿಲ್ಲ. ಗೇಟಲ್ಲಿ ಹನ್ನೊಂದು ಲಾರಿ ನಿಂತವೆ. ಗೌಡ್ರು ಕೂಗಾಡ್ತಾವ್ರೆ" ಅಂದರು ಅಲ್ಲಿನ ಗುಮಾಸ್ತರು. ನಾನು ಮೈಸೂರಿನ ಮನೆಯಲ್ಲಿದ್ದೆ. ಲ್ಯಾಪ್‌ಟಾಪ್ ತೆಗೆದು ರಿಮೋಟ್‌ನಲ್ಲಿ ಅವರ ಸರ್ವರ್ ಒಳಗೆ ಹೋದೆ. ಲಾರಿ ತೂಗುವ ವೇಬ್ರಿಡ್ಜ್‌ನ ಫೋಟೊ, ಬಿಲ್ಲು ಎಲ್ಲ ಸೇರುವ ವಿಎಂನ (ವರ್ಚುವಲ್ ಮೆಷಿನ್, ಅಂದರೆ ಸರ್ವರ್ ಒಳಗೆ ಸಾಫ್ಟ್‌ವೇರ್‌ನಲ್ಲಿ ಓಡುವ ಕಂಪ್ಯೂಟರ್) ಡೇಟಾ ಡಿಸ್ಕ್ ನೂರಕ್ಕೆ ನೂರು ತುಂಬಿತ್ತು. 200 ಜಿಬಿ ಡಿಸ್ಕ್, ಒಂದು ಚೀಟಿ ಬರೆಯುವಷ್ಟೂ ಜಾಗವಿಲ್ಲ.

ಅವತ್ತು ರಾತ್ರಿ ಆ ಡಿಸ್ಕನ್ನು 400 ಜಿಬಿ ಮಾಡಿದೆ. ಕೆಲಸಕ್ಕೆ ಹಿಡಿದದ್ದು ಹತ್ತು ನಿಮಿಷ. ಅದಕ್ಕೆ ಮುಂಚಿನ ತಯಾರಿಗೆ ಎರಡು ಗಂಟೆ. ಈ ಲೇಖನದಲ್ಲೂ ತಯಾರಿಯ ಭಾಗ ಜಾಸ್ತಿ ಇದೆ, ಯಾಕಂದ್ರೆ ಎಡವುವುದು ಅಲ್ಲೇ.

ನನ್ನನ್ನು ಜನ ತುಂಬಾ ಸಲ ಕೇಳುವ ಪ್ರಶ್ನೆ ಒಂದಿದೆ. "ಪ್ರಾಕ್ಸ್‌ಮಾಕ್ಸ್‌ನಲ್ಲಿ 400 ಜಿಬಿ ಅಂತ ತೋರಿಸ್ತಿದೆ, ಆದ್ರೆ ವಿಎಂ ಒಳಗೆ ಇನ್ನೂ 200 ಅಂತಲೇ ಇದೆ. ಎಲ್ಲಿ ಹೋಯ್ತು ಜಾಗ?" ಪ್ರಾಕ್ಸ್‌ಮಾಕ್ಸ್ ಅಂದರೆ ಒಂದು ಸರ್ವರ್‌ನಲ್ಲಿ ಹಲವು ವಿಎಂ ಓಡಿಸುವ ಸಾಫ್ಟ್‌ವೇರ್. ಜಾಗ ಎಲ್ಲೂ ಹೋಗಿಲ್ಲ. ನಮ್ಮ ಕಡೆ ಪಕ್ಕದ ಗದ್ದೆ ಕೊಂಡಾಗ ಏನಾಗುತ್ತೆ ಹೇಳಿ. ಮೊದಲು ರಿಜಿಸ್ಟ್ರಿ, ಖಾತೆ. ಅದು ಮುಗಿದ ಮಾತ್ರಕ್ಕೆ ಎರಡು ಗದ್ದೆ ಒಂದಾಗಲ್ಲ. ನಡುವಿನ ಹಳೇ ಬದು ಒಡೆಯಬೇಕು. ಆಮೇಲೆ ಉತ್ತು, ಮಟ್ಟ ಮಾಡಬೇಕು. ಆಗಷ್ಟೇ ಪೂರ್ತಿ ಗದ್ದೆಗೆ ನಾಟಿ ಹಾಕಬಹುದು.

ಡಿಸ್ಕ್ ಕೂಡ ಹೀಗೇ. ಹೋಸ್ಟ್ ಸರ್ವರ್‌ನಲ್ಲಿ (ವಿಎಂಗಳನ್ನು ಓಡಿಸುವ ನಿಜವಾದ ಯಂತ್ರ) ವರ್ಚುವಲ್ ಡಿಸ್ಕ್ ದೊಡ್ಡದು ಮಾಡುವುದು ರಿಜಿಸ್ಟ್ರಿ ಇದ್ದಂತೆ. ವಿಎಂ ಒಳಗಿನ ಪಾರ್ಟಿಷನ್ (ಡಿಸ್ಕ್‌ನಲ್ಲಿ ಗುರುತು ಹಾಕಿದ ಭಾಗ) ಹಿಗ್ಗಿಸುವುದು ಬದು ಒಡೆದಂತೆ. ಫೈಲ್‌ಸಿಸ್ಟಮ್ (ಆ ಭಾಗದಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಹಿಗ್ಗಿಸುವುದು ಉಳುಮೆ. ಮೂರೂ ಇದೇ ಕ್ರಮದಲ್ಲಿ ಆಗಬೇಕು. ಎಲ್‌ವಿಎಂ (ಡಿಸ್ಕ್ ಜಾಗವನ್ನು ಬೇಕಾದಂತೆ ಹಂಚಿಕೊಡುವ ಲಿನಕ್ಸ್ ವ್ಯವಸ್ಥೆ) ಬಳಸಿದ್ದರೆ ಬದುವಿಗೂ ಉಳುಮೆಗೂ ಮಧ್ಯೆ ಇನ್ನೊಂದೆರಡು ಹೆಜ್ಜೆ ಸೇರುತ್ತವೆ. ಎಲ್ಲೇ ಸಿಕ್ಕಿಕೊಂಡರೂ "ನಾನು ಈಗ ಯಾವ ಪದರದಲ್ಲಿದ್ದೇನೆ" ಅಂತ ಕೇಳಿಕೊಳ್ಳಿ, ದಾರಿ ಕಾಣುತ್ತೆ.

ಒಂದು ಸೂಚನೆ. ಲಿನಕ್ಸ್ ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹೊಡೆಯಿರಿ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳುತ್ತೇನೆ. ಎಲ್ಲವನ್ನೂ ರೂಟ್ (ಪೂರ್ತಿ ಅಧಿಕಾರದ ಬಳಕೆದಾರ) ಆಗಿ, ಇಲ್ಲವೇ ಮುಂದೆ ಸುಡೊ ಸೇರಿಸಿ ಓಡಿಸಬೇಕು.

ನಿಜಕ್ಕೂ ತುಂಬಿದೆಯಾ?

ಡಿಸ್ಕ್ ದೊಡ್ಡದು ಮಾಡುವ ಮೊದಲು ಅದರ ಅಗತ್ಯ ಇದೆಯಾ ನೋಡಿ. ಒಮ್ಮೆ ದೊಡ್ಡದು ಮಾಡಿದ ಮೇಲೆ ಚಿಕ್ಕದು ಮಾಡುವುದು ಬಹಳ ಕಷ್ಟ.

ಡಿಎಫ್ -ಎಚ್ ಓಡಿಸಿದರೆ ಯಾವ ಡಿಸ್ಕ್ ಎಷ್ಟು ತುಂಬಿದೆ ಅಂತ ಗೊತ್ತಾಗುತ್ತೆ. ಜೊತೆಗೆ ಡಿಎಫ್ -ಐ ಕೂಡ ಓಡಿಸಿ. ಅದು ಐನೋಡ್ ಲೆಕ್ಕ, ಅಂದರೆ ಪ್ರತಿ ಫೈಲ್‌ಗೂ ಬೇಕಾಗುವ ದಾಖಲೆ ನಮೂದುಗಳ ಲೆಕ್ಕ. ಲಕ್ಷಗಟ್ಟಲೆ ಚಿಕ್ಕ ಫೈಲ್‌ಗಳಿರುವ ಕಡೆ ಜಾಗ ಉಳಿದಿದ್ದರೂ ಐನೋಡ್ ಮುಗಿದಿರುತ್ತೆ. ಆಗಲೂ "ಜಾಗವಿಲ್ಲ" ಅನ್ನುವ ಅದೇ ದೋಷದ ಸಂದೇಶ ಬರುತ್ತೆ.

ಯಾವ ಫೋಲ್ಡರ್ ಜಾಗ ತಿನ್ನುತ್ತಿದೆ ಅಂತ ನೋಡಲು ಡಿಯು -ಎಕ್ಸ್‌ಎಚ್ --ಮ್ಯಾಕ್ಸ್-ಡೆಪ್ತ್=1 ಸಾಕು. ಡಿಎಫ್ ಹೇಳುವ ಲೆಕ್ಕಕ್ಕೂ ಡಿಯು ಹೇಳುವ ಲೆಕ್ಕಕ್ಕೂ ತುಂಬಾ ವ್ಯತ್ಯಾಸ ಬಂದರೆ, ಯಾರೋ ಅಳಿಸಿದ ದೊಡ್ಡ ಫೈಲನ್ನು ಯಾವುದೋ ಪ್ರೋಗ್ರಾಂ ಇನ್ನೂ ಹಿಡಿದುಕೊಂಡು ಕೂತಿರಬಹುದು. ಎಲ್‌ಎಸ್‌ಒಎಫ್ +ಎಲ್1 ಓಡಿಸಿದರೆ ಅದು ಸಿಕ್ಕಿಬೀಳುತ್ತೆ. ಇಲ್ಲಿ ಎಲ್ ದೊಡ್ಡ ಅಕ್ಷರ. ಆ ಪ್ರೋಗ್ರಾಂ ರೀಸ್ಟಾರ್ಟ್ ಮಾಡಿದರೆ ಜಾಗ ವಾಪಸ್ ಬರುತ್ತೆ.

ಲಾರಿ ಗೇಟಲ್ಲಿ ನಿಂತಿರುವಾಗ ಇಷ್ಟೆಲ್ಲ ನೋಡಲು ಸಮಯ ಎಲ್ಲಿ, ಅಲ್ವಾ? ಅವತ್ತು ನನ್ನ ಕೈ ಹಿಡಿದದ್ದು ಒಂದು ಚಿಕ್ಕ ಉಪಾಯ. ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಮಾಡುವಾಗ ಶೇ. 5ರಷ್ಟು ಜಾಗವನ್ನು ರೂಟ್ ಬಳಕೆದಾರನಿಗೆ ಅಂತ ಎತ್ತಿಟ್ಟಿರುತ್ತೆ. 200 ಜಿಬಿ ಡಿಸ್ಕ್‌ನಲ್ಲಿ ಅದು ಸುಮಾರು 10 ಜಿಬಿ. ಸಿಸ್ಟಮ್ ಡಿಸ್ಕ್‌ಗೆ ಇದು ಬೇಕು. ಬರೀ ಫೋಟೊ, ಫೈಲ್ ಇಡುವ ಡೇಟಾ ಡಿಸ್ಕ್‌ಗೆ ಅಷ್ಟು ಬೇಡ. ಟ್ಯೂನ್2ಎಫ್‌ಎಸ್ -ಎಂ 1 ಅಂತ ಬರೆದು ಮುಂದೆ ಪಾರ್ಟಿಷನ್ ಹೆಸರು ಕೊಟ್ಟರೆ ಆ ಪಾಲು ಶೇ. 1ಕ್ಕೆ ಇಳಿಯುತ್ತೆ. ವಿಎಂ ನಿಲ್ಲಿಸಬೇಕಿಲ್ಲ. ಆ ಕ್ಷಣಕ್ಕೆ 8 ಜಿಬಿ ಸಿಕ್ಕಿತು, ಚೀಟಿ ಬಂತು, ಲಾರಿ ಹೊರಟವು. ಇದು ಇಎಕ್ಸ್‌ಟಿ4ಗೆ ಮಾತ್ರ. ಎಕ್ಸ್‌ಎಫ್‌ಎಸ್ ಅನ್ನುವ ಇನ್ನೊಂದು ಫೈಲ್‌ಸಿಸ್ಟಮ್‌ನಲ್ಲಿ ನಡೆಯಲ್ಲ.

ಎಷ್ಟು ಹೆಚ್ಚಿಸಬೇಕು

ಸುಮ್ನೆ ಅಂದಾಜಿಗೆ ದುಪ್ಪಟ್ಟು ಮಾಡಬೇಡಿ. ಲೆಕ್ಕ ಹಾಕಿ. ಮಿಲ್‌ನಲ್ಲಿ ಒಂದು ಲಾರಿಗೆ ಎರಡು ತೂಕ, ಲೋಡ್ ಇದ್ದಾಗ ಒಂದು, ಖಾಲಿಯಾದ ಮೇಲೆ ಒಂದು. ಪ್ರತಿ ತೂಕಕ್ಕೆ ನಾಲ್ಕು ಕ್ಯಾಮೆರಾ ಫೋಟೊ. ಒಂದು ಫೋಟೊ ಸುಮಾರು 300 ಕೆಬಿ. ಅಂದರೆ ಲಾರಿಗೆ 2.4 ಎಂಬಿ. ದಿನಕ್ಕೆ 150 ಲಾರಿ ಅಂತ ಹಿಡಿದರೆ 360 ಎಂಬಿ. ತಿಂಗಳಿಗೆ 11 ಜಿಬಿ ಹತ್ತಿರ. ಒಂದೂವರೆ ವರ್ಷಕ್ಕೆ 200 ಜಿಬಿ. ಸುಗ್ಗಿ ಮುಗಿದ ಮೇಲೆ ಲಾರಿ ಕಮ್ಮಿ ಆಗುತ್ತವೆ, ಹಾಗಾಗಿ ಇನ್ನೂ ಜಾಸ್ತಿ ದಿನ ಬರುತ್ತೆ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಯಜಮಾನರಿಗೆ ತೋರಿಸಿದೆ. ಹೊಸ ಡಿಸ್ಕ್ ಕೊಳ್ಳುವ ಮಾತು ಬಂದಾಗ ಈ ಹಾಳೆ ಉಪಯೋಗಕ್ಕೆ ಬರುತ್ತೆ.

ಹೋಸ್ಟ್‌ನಲ್ಲಿ ಜಾಗ ಇದೆಯಾ

ಇದನ್ನು ಬಿಟ್ಟು ಮುಂದೆ ಹೋದವರು ಬಹಳ ಜನ. ನಾನೂ ಹೋಗಿದ್ದೆ. ಹಲವು ವರ್ಷಗಳ ಹಿಂದೆ ಮೈಸೂರಿನ ಒಂದು ಆಫೀಸಿನಲ್ಲಿ ವಿಎಂ ಒಂದಕ್ಕೆ 500 ಜಿಬಿ ಸೇರಿಸಿ ಬಂದೆ. ಹೋಸ್ಟ್ ತಕರಾರು ಮಾಡಲಿಲ್ಲ. ಎರಡು ವಾರ ಕಳೆದ ಮೇಲೆ ಅದೇ ಹೋಸ್ಟ್‌ನಲ್ಲಿದ್ದ ನಾಲ್ಕೂ ವಿಎಂಗಳು ಒಟ್ಟಿಗೆ ನಿಂತವು. ಒಂದರ ಡೇಟಾಬೇಸನ್ನು ಬ್ಯಾಕಪ್‌ನಿಂದ ಎತ್ತಬೇಕಾಯಿತು. ಅಲ್ಲಿ ಬಳಸಿದ್ದು ಥಿನ್ ಪ್ರೊವಿಷನಿಂಗ್. ನಾನು ಥಿನ್ ಪೂಲ್ (ವಿಎಂಗಳೆಲ್ಲ ಹಂಚಿಕೊಳ್ಳುವ ನಿಜವಾದ ಜಾಗ) ಎಷ್ಟು ತುಂಬಿದೆ ಅಂತ ನೋಡಿರಲಿಲ್ಲ.

ಥಿನ್ ಅಂದರೆ ಹೀಗೆ. ಹೋಸ್ಟ್ ವಿಎಂಗೆ "ನಿನಗೆ 500 ಜಿಬಿ" ಅಂತ ಮಾತು ಕೊಡುತ್ತೆ. ಜಾಗ ಮಾತ್ರ ಬರೆದಷ್ಟೇ ಖರ್ಚಾಗುತ್ತೆ. ಹೀಗೆ ನಾಲ್ಕು ವಿಎಂಗೆ ಮಾತು ಕೊಟ್ಟು, ಎಲ್ಲವೂ ಒಟ್ಟಿಗೆ ಕೇಳಿದರೆ ಹೋಸ್ಟ್ ಬಳಿ ಇರುವುದಿಲ್ಲ. ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಕಟ್ಟೆ ಎಷ್ಟೇ ದೊಡ್ಡದಾದರೂ ನಾಲೆಗೆ ಬಿಡಲು ಆಗುವುದು ಇವತ್ತು ಅದರಲ್ಲಿ ನಿಂತಿರುವ ನೀರು ಮಾತ್ರ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಾಕ್ಸ್‌ಮಾಕ್ಸ್‌ನಲ್ಲಿ ಎಲ್‌ವಿಎಂ ಥಿನ್ ಇದ್ದರೆ ಹೋಸ್ಟ್‌ನ ಶೆಲ್‌ನಲ್ಲಿ ಎಲ್‌ವಿಎಸ್ ಓಡಿಸಿ. ಡೇಟಾ ಶೇಕಡಾವಾರು, ಮೆಟಾಡೇಟಾ ಶೇಕಡಾವಾರು ಅಂತ ಎರಡು ಕಾಲಂ ಕಾಣುತ್ತವೆ. ಎರಡನ್ನೂ ನೋಡಿ. ಮೆಟಾಡೇಟಾ (ಯಾವ ಜಾಗ ಯಾರದ್ದು ಅನ್ನುವ ಲೆಕ್ಕ) ತುಂಬಿದರೂ ಪೂಲ್ ನಿಲ್ಲುತ್ತೆ. ಜೆಡ್‌ಎಫ್‌ಎಸ್ ಇದ್ದರೆ ಜೆಡ್‌ಪೂಲ್ ಲಿಸ್ಟ್. ಪ್ರಾಕ್ಸ್‌ಮಾಕ್ಸ್‌ನಂಥದೇ ಇನ್ನೊಂದು ಸಾಫ್ಟ್‌ವೇರ್ ವಿಎಂವೇರ್‌ನಲ್ಲಿ ಡೇಟಾಸ್ಟೋರ್‌ನ ಉಳಿಕೆ ಜಾಗ. ಹೊಸದಾಗಿ ಕೊಡುವ ಜಾಗ ಪೂರ್ತಿ ಬಳಕೆಯಾದರೂ ಪೂಲ್ ಶೇ. 80 ದಾಟಬಾರದು. ಇದು ನಾನು ಇಟ್ಟುಕೊಂಡಿರುವ ಮಿತಿ. ದಾಟುತ್ತೆ ಅಂದರೆ ಮೊದಲು ಹೋಸ್ಟ್‌ಗೇ ಹೊಸ ಡಿಸ್ಕ್ ಬೇಕು ಅಂತ ಯಜಮಾನರಿಗೆ ನೇರವಾಗಿ ಹೇಳಿಬಿಡಿ.

ಬ್ಯಾಕಪ್, ಮತ್ತೆ ಹಳೇ ಸ್ನ್ಯಾಪ್‌ಶಾಟ್

ಹಿಗ್ಗಿಸುವ ಕೆಲಸ ಸಾಮಾನ್ಯವಾಗಿ ಸಲೀಸಾಗಿ ಮುಗಿಯುತ್ತೆ. ಆದರೂ ಬ್ಯಾಕಪ್ ಇಲ್ಲದೆ ನಾನು ಕೈ ಹಾಕುವುದಿಲ್ಲ. ಒಂದು ಅಕ್ಷರ ತಪ್ಪಿದರೆ ಬೇರೆ ಡಿಸ್ಕ್‌ನ ಪಾರ್ಟಿಷನ್ ಹಾಳಾಗಬಹುದು. ಪ್ರಾಕ್ಸ್‌ಮಾಕ್ಸ್‌ನಲ್ಲಿ ವಿಎಂನ ಬ್ಯಾಕಪ್ ಟ್ಯಾಬ್‌ನಿಂದಲೇ ತೆಗೆಯಬಹುದು. ಅಲ್ಲಿ ಒಂದು ವಿಷಯ ಗಮನಿಸಿ. ಪ್ರತಿ ಡಿಸ್ಕ್‌ಗೂ "ಬ್ಯಾಕಪ್‌ಗೆ ಸೇರಿಸು" ಅನ್ನುವ ಟಿಕ್ ಇರುತ್ತೆ. ದೊಡ್ಡ ಡೇಟಾ ಡಿಸ್ಕ್‌ಗಳಿಗೆ ಆ ಟಿಕ್ ಅನ್ನು ಯಾರೋ ಹಿಂದೆ ತೆಗೆದಿರಬಹುದು. ಆಗ ಬ್ಯಾಕಪ್ ಹಸಿರು ಬಣ್ಣದಲ್ಲಿ ಮುಗಿಯುತ್ತೆ, ನಿಮ್ಮ ಡೇಟಾ ಮಾತ್ರ ಅದರಲ್ಲಿ ಇರಲ್ಲ.

ಬ್ಯಾಕಪ್‌ನಿಂದ ಒಂದೆರಡು ಫೈಲ್ ವಾಪಸ್ ತೆಗೆದು ತೆರೆದು ನೋಡಿ. ಅವತ್ತು ನಾನು ಹಿಂದಿನ ದಿನದ ಮೂರು ತೂಕದ ಫೋಟೊ ತೆಗೆದು ನೋಡಿದೆ. ಲಾರಿ ನಂಬರ್ ಸರಿಯಾಗಿ ಕಂಡ ಮೇಲೇ ಮುಂದೆ ಹೋದದ್ದು. ಎರಡು ಗಂಟೆಯಲ್ಲಿ ಮುಕ್ಕಾಲು ಪಾಲು ಹೋದದ್ದು ಬ್ಯಾಕಪ್‌ಗೇ.

ಸ್ನ್ಯಾಪ್‌ಶಾಟ್ (ಒಂದು ಕ್ಷಣದ ಡಿಸ್ಕ್ ಸ್ಥಿತಿಯ ದಾಖಲೆ) ಇದೆ, ಬ್ಯಾಕಪ್ ಯಾಕೆ ಅನ್ನುವವರಿದ್ದಾರೆ. ಸ್ನ್ಯಾಪ್‌ಶಾಟ್ ಅದೇ ಡಿಸ್ಕ್‌ನಲ್ಲಿ ಕೂತಿರುತ್ತೆ. ಆ ಡಿಸ್ಕೇ ಹೋದರೆ ಎರಡೂ ಹೋದವು. ಇನ್ನೊಂದು ತೊಡಕೂ ಇದೆ. ವಿಎಂವೇರ್‌ನಲ್ಲಿ ವಿಎಂಗೆ ಸ್ನ್ಯಾಪ್‌ಶಾಟ್ ಇದ್ದರೆ ಡಿಸ್ಕ್ ಗಾತ್ರದ ಜಾಗ ಮಂಕಾಗಿ ಕಾಣುತ್ತೆ, ಬದಲಿಸಲು ಬಿಡಲ್ಲ. ಮೈಕ್ರೋಸಾಫ್ಟ್‌ನ ಹೈಪರ್-ವಿಯಲ್ಲಿ ಚೆಕ್‌ಪಾಯಿಂಟ್ (ಅಲ್ಲಿ ಸ್ನ್ಯಾಪ್‌ಶಾಟ್‌ಗೆ ಇರುವ ಹೆಸರು) ಇದ್ದರೂ ಇದೇ ಕಥೆ. ಬೇರೆ ಕಡೆ ಬಿಟ್ಟರೂ, ಹಳೇ ಸ್ನ್ಯಾಪ್‌ಶಾಟ್‌ಗಳನ್ನು ಮೊದಲೇ ತೆಗೆದುಬಿಡುವುದು ಒಳ್ಳೆಯದು.

ಕರೆಂಟ್ ವಿಷಯವನ್ನೂ ನೋಡಿಕೊಳ್ಳಿ. ಪಾರ್ಟಿಷನ್ ಬರೆಯುವ ಹೊತ್ತಿಗೆ ಸರ್ವರ್ ಆಫ್ ಆಗಬಾರದು. ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತೆ ಕೇಳಿ. ಪತ್ರಿಕೆಯಲ್ಲಿ ಬರುವ ವಿದ್ಯುತ್ ವ್ಯತ್ಯಯದ ಪ್ರಕಟಣೆ ನೋಡಿ ದಿನ ಗೊತ್ತು ಮಾಡಿ. ನಮ್ಮ ಕಡೆ ಇಂಥ ಕೆಲಸಕ್ಕೆ ಆಯುಧ ಪೂಜೆಯ ಹಿಂದಿನ ಸಂಜೆ ತುಂಬಾ ಅನುಕೂಲ. ಹೇಗೂ ಮಷಿನ್‌ಗಳನ್ನು ನಿಲ್ಲಿಸಿ, ಒರೆಸಿ, ಪೂಜೆಗೆ ಸಿದ್ಧ ಮಾಡುತ್ತಿರುತ್ತಾರೆ. ಸರ್ವರ್‌ಗೂ ಪೂಜೆ ಆಗಲಿ, ನಾನೂ ಮಾಡುತ್ತೇನೆ. ಆದರೆ ಅರಿಸಿನ ಕುಂಕುಮವನ್ನು ರ‍್ಯಾಕ್‌ನ ಬಾಗಿಲಿಗೆ ಇಡಿ. ಫ್ಯಾನ್ ಇರುವ ಮುಂಭಾಗಕ್ಕೆ ಹಾಕಿದರೆ ಪುಡಿ ಒಳಗೆ ಎಳೆದುಕೊಳ್ಳುತ್ತೆ.

ಸರಿಯಾದ ಡಿಸ್ಕ್ ಯಾವುದು

ವಿಎಂ ಒಳಗೆ ಎಲ್‌ಎಸ್‌ಬಿಎಲ್‌ಕೆ -ಎಫ್ ಓಡಿಸಿ. ಯಾವ ಡಿಸ್ಕ್, ಅದರಲ್ಲಿ ಯಾವ ಪಾರ್ಟಿಷನ್, ಯಾವ ಫೈಲ್‌ಸಿಸ್ಟಮ್, ಎಲ್ಲಿ ಮೌಂಟ್ ಆಗಿದೆ (ಯಾವ ಫೋಲ್ಡರ್‌ಗೆ ಜೋಡಿಸಿದೆ) ಎಲ್ಲ ಮರದ ಕೊಂಬೆಯಂತೆ ಕಾಣುತ್ತೆ. ಅದನ್ನು ಹಾಗೇ ಕಾಪಿ ಮಾಡಿ ಇಟ್ಟುಕೊಳ್ಳಿ. ಆಮೇಲೆ ಹೋಲಿಸಿ ನೋಡಲು ಬೇಕು.

ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರು ನಂಬಿ ಕೂರಬೇಡಿ. ರೀಬೂಟ್ ಆದಾಗ ಅವು ಅದಲು ಬದಲಾಗಬಹುದು. ಗಾತ್ರ ನೋಡಿ ಗುರುತಿಸೋಣ ಅಂದರೆ ಎರಡು ಡಿಸ್ಕ್‌ಗಳ ಗಾತ್ರ ಒಂದೇ ಇದ್ದರೆ ಕೆಟ್ಟಿತು. ಪ್ರಾಕ್ಸ್‌ಮಾಕ್ಸ್‌ನಲ್ಲಿ ಇದಕ್ಕೆ ಖಚಿತ ದಾರಿ ಇದೆ. ಲಿನಕ್ಸ್ ವಿಎಂ ಒಳಗೆ /ಡೆವ್/ಡಿಸ್ಕ್/ಬೈ-ಐಡಿ ಫೋಲ್ಡರ್ ನೋಡಿ. ಅಲ್ಲಿನ ಹೆಸರುಗಳ ಕೊನೆಯಲ್ಲಿ ಡ್ರೈವ್-ಎಸ್‌ಸಿಎಸ್‌ಐ1 ಅಂತೆಲ್ಲ ಇರುತ್ತೆ. ಹೋಸ್ಟ್‌ನ ಹಾರ್ಡ್‌ವೇರ್ ಪಟ್ಟಿಯಲ್ಲೂ ಅದೇ ಎಸ್‌ಸಿಎಸ್‌ಐ1. ಎರಡೂ ಹೊಂದಿದರೆ ಅದೇ ನಿಮ್ಮ ಡಿಸ್ಕ್.

ನಮ್ಮ ಮಿಲ್‌ನಲ್ಲಿ ವಿಎಂ ನಂಬರ್ 104, ಡಿಸ್ಕ್ ಎಸ್‌ಸಿಎಸ್‌ಐ1, ಒಳಗೆ /ಡೆವ್/ಎಸ್‌ಡಿಬಿ, ಅದರಲ್ಲಿ ಒಂದೇ ಪಾರ್ಟಿಷನ್ ಎಸ್‌ಡಿಬಿ1, ಮೌಂಟ್ ಆಗಿದ್ದು /ಡೇಟಾದಲ್ಲಿ. ಮುಂದಿನ ಉದಾಹರಣೆಗಳಲ್ಲಿ ಇವೇ ಹೆಸರು ಬರುತ್ತವೆ. ನೀವು ನಿಮ್ಮದನ್ನು ಹಾಕಿಕೊಳ್ಳಿ.

ರಿಜಿಸ್ಟ್ರಿ: ಹೋಸ್ಟ್‌ನಲ್ಲಿ ಹಿಗ್ಗಿಸುವುದು

ಪ್ರಾಕ್ಸ್‌ಮಾಕ್ಸ್‌ನ ವೆಬ್ ಪುಟದಲ್ಲಿ ವಿಎಂ ಆರಿಸಿ, ಹಾರ್ಡ್‌ವೇರ್‌ಗೆ ಹೋಗಿ, ಡಿಸ್ಕ್ ಮೇಲೆ ಒತ್ತಿ. ಮೇಲಿನ ಡಿಸ್ಕ್ ಆ್ಯಕ್ಷನ್ ಮೆನುವಿನಲ್ಲಿ ರಿಸೈಜ್ ಇದೆ. ಇಲ್ಲಿ ಒಂದು ಕ್ಷಣ ನಿಲ್ಲಿ. ಅದು ಕೇಳುವುದು ಎಷ್ಟು ಸೇರಿಸಬೇಕು ಅಂತ. ಒಟ್ಟು ಎಷ್ಟು ಆಗಬೇಕು ಅಂತ ಅಲ್ಲ. 200 ಇರುವುದನ್ನು 400 ಮಾಡಲು 200 ಅಂತ ಹಾಕಬೇಕು. 400 ಅಂತ ಹಾಕಿದರೆ 600 ಆಗುತ್ತೆ, ಅದನ್ನು ಅಲ್ಲಿಂದ ಇಳಿಸಲು ದಾರಿ ಇಲ್ಲ. ಶೆಲ್‌ನಿಂದ ಮಾಡುವುದಾದರೆ ಕ್ಯೂಎಂ ರಿಸೈಜ್ 104 ಎಸ್‌ಸಿಎಸ್‌ಐ1 +200ಜಿ. ಇಲ್ಲಿ ಜಿ ದೊಡ್ಡ ಅಕ್ಷರ. ಪ್ಲಸ್ ಗುರುತು ಮರೆಯಬೇಡಿ. ಅದಿದ್ದರೆ "ಇಷ್ಟು ಸೇರಿಸು", ಇಲ್ಲದಿದ್ದರೆ "ಒಟ್ಟು ಇಷ್ಟು ಮಾಡು".

ವಿಎಂವೇರ್‌ನಲ್ಲಿ ಎಡಿಟ್ ಸೆಟ್ಟಿಂಗ್ಸ್‌ಗೆ ಹೋಗಿ ಹಾರ್ಡ್ ಡಿಸ್ಕ್ ಎದುರಿನ ಅಂಕಿ ಬದಲಿಸಿದರೆ ಆಯಿತು. ಅಲ್ಲಿ ಕೇಳುವುದು ಒಟ್ಟು ಗಾತ್ರ. ಹೈಪರ್-ವಿಯಲ್ಲಿ ಎಡಿಟ್ ಡಿಸ್ಕ್ ವಿಝಾರ್ಡ್‌ನಲ್ಲಿ ಎಕ್ಸ್‌ಪ್ಯಾಂಡ್. ವಿಂಡೋಸ್ ಸರ್ವರ್ 2012 ಆರ್2ರಿಂದ ಈಚೆಗೆ, ವಿಎಚ್‌ಡಿಎಕ್ಸ್ ಡಿಸ್ಕ್ ಎಸ್‌ಸಿಎಸ್‌ಐ ಕಂಟ್ರೋಲರ್‌ಗೆ ಸೇರಿದ್ದರೆ ವಿಎಂ ಓಡುತ್ತಿರುವಾಗಲೇ ಹಿಗ್ಗಿಸಬಹುದು. ಹಳೇ ವಿಎಚ್‌ಡಿ ಆದರೆ ವಿಎಂ ನಿಲ್ಲಿಸಲೇಬೇಕು. ಬರೀ ಕೆವಿಎಂ (ಲಿನಕ್ಸ್‌ನಲ್ಲೇ ಇರುವ ವಿಎಂ ವ್ಯವಸ್ಥೆ) ಬಳಸುವವರು, ವಿಎಂ ಆಫ್ ಇದ್ದರೆ ಕ್ಯೂಇಎಂಯು-ಐಎಂಜಿ ರಿಸೈಜ್, ಓಡುತ್ತಿದ್ದರೆ ವರ್ಶ್ ಬ್ಲಾಕ್‌ರಿಸೈಜ್ ಬಳಸಬೇಕು. ಓಡುತ್ತಿರುವ ವಿಎಂನ ಡಿಸ್ಕ್ ಫೈಲ್ ಮೇಲೆ ಮೊದಲನೆಯದನ್ನು ಯಾವತ್ತೂ ಪ್ರಯೋಗಿಸಬೇಡಿ, ಡಿಸ್ಕ್ ಕೆಡುತ್ತೆ.

ವಿಎಂಗೆ ಸುದ್ದಿ ಮುಟ್ಟಿತಾ?

ಮತ್ತೆ ಎಲ್‌ಎಸ್‌ಬಿಎಲ್‌ಕೆ ಓಡಿಸಿ. ಎಸ್‌ಡಿಬಿ ಮುಂದೆ 400ಜಿ, ಅದರ ಕೆಳಗೆ ಎಸ್‌ಡಿಬಿ1 ಮುಂದೆ ಇನ್ನೂ 200ಜಿ ಕಂಡರೆ ಸರಿಯಾಗಿದೆ. ಗದ್ದೆ ನಿಮ್ಮದಾಗಿದೆ, ಬದು ಹಾಗೇ ಇದೆ.

ಎಸ್‌ಡಿಬಿಯೇ ಇನ್ನೂ 200 ಅಂದರೆ ವಿಎಂಗೆ ಗೊತ್ತಾಗಿಲ್ಲ. ಎಸ್‌ಸಿಎಸ್‌ಐ ಡಿಸ್ಕ್ ಆದರೆ ಎಕೋ 1 ಅನ್ನು /ಸಿಸ್/ಕ್ಲಾಸ್/ಬ್ಲಾಕ್/ಎಸ್‌ಡಿಬಿ/ಡಿವೈಸ್/ರಿಸ್ಕ್ಯಾನ್ ಅನ್ನುವ ಫೈಲ್‌ಗೆ ಕಳಿಸಿ. ವಿಎಂವೇರ್‌ನಲ್ಲಿ ಇದು ಬಹಳ ಸಲ ಬೇಕಾಗುತ್ತೆ. ಅದಕ್ಕೂ ಬಗ್ಗದಿದ್ದರೆ ವಿಎಂ ರೀಬೂಟ್.

ಬದು ಒಡೆಯುವುದು: ಪಾರ್ಟಿಷನ್

ಇದೇ ಸೂಕ್ಷ್ಮ ಜಾಗ. ಮೊದಲು ಪಾರ್ಟಿಷನ್ ಪಟ್ಟಿಯ ನಕಲು ತೆಗೆಯಿರಿ. ಎಸ್‌ಎಫ್‌ಡಿಸ್ಕ್ -ಡಿ /ಡೆವ್/ಎಸ್‌ಡಿಬಿ ಅಂತ ಓಡಿಸಿ, ಬಂದದ್ದನ್ನು ಒಂದು ಫೈಲ್‌ಗೆ ಉಳಿಸಿ. ಆ ಫೈಲನ್ನು ಬೇರೆ ಕಂಪ್ಯೂಟರ್‌ಗೂ ಕಾಪಿ ಮಾಡಿ. ಕೆಲವೇ ಸಾಲಿನ ಫೈಲ್ ಅಷ್ಟೇ. ಪಾರ್ಟಿಷನ್ ಎಡವಟ್ಟಾದರೆ ಅದೇ ನಿಮ್ಮ ಸರ್ವೆ ನಕ್ಷೆ.

ನಿಮ್ಮ ಡಿಸ್ಕ್‌ನಲ್ಲಿ ಪಾರ್ಟಿಷನ್ನೇ ಇಲ್ಲದೆ ನೇರ ಫೈಲ್‌ಸಿಸ್ಟಮ್ ಇದ್ದರೆ ಈ ಹೆಜ್ಜೆ ಬಿಟ್ಟು ಮುಂದೆ ಹೋಗಿ. ಬದುವೇ ಇಲ್ಲದ ಗದ್ದೆ ಅದು.

ಪಾರ್ಟಿಷನ್ ಇದ್ದರೆ ಗ್ರೋಪಾರ್ಟ್ ಬಳಸಿ. ಉಬುಂಟು, ಡೆಬಿಯನ್‌ನಲ್ಲಿ ಅದು ಕ್ಲೌಡ್-ಗೆಸ್ಟ್-ಯುಟಿಲ್ಸ್ ಪ್ಯಾಕೇಜ್‌ನಲ್ಲಿ ಸಿಗುತ್ತೆ. ರೆಡ್ ಹ್ಯಾಟ್ ಕುಟುಂಬದಲ್ಲಿ ಕ್ಲೌಡ್-ಯುಟಿಲ್ಸ್-ಗ್ರೋಪಾರ್ಟ್. ಮೊದಲು ಗ್ರೋಪಾರ್ಟ್ --ಡ್ರೈ-ರನ್ /ಡೆವ್/ಎಸ್‌ಡಿಬಿ 1. ಇದು ಏನನ್ನೂ ಬದಲಿಸಲ್ಲ, ಏನು ಮಾಡಲಿದೆ ಅಂತ ಮಾತ್ರ ಹೇಳುತ್ತೆ. ಪಾರ್ಟಿಷನ್ ಶುರುವಾಗುವ ಸೆಕ್ಟರ್ (ಡಿಸ್ಕ್‌ನ ಅತಿ ಚಿಕ್ಕ ತುಂಡು) ಹಳೆಯದೂ ಹೊಸದೂ ಒಂದೇ ಇದೆಯಾ ನೋಡಿ. ಬಹಳ ಕಡೆ 2048 ಇರುತ್ತೆ. ಶುರುವಿನ ಜಾಗ ಒಂದೇ ಇದ್ದು ಕೊನೆ ಮಾತ್ರ ಮುಂದೆ ಹೋಗಬೇಕು. ಸರಿ ಅನಿಸಿದರೆ ಗ್ರೋಪಾರ್ಟ್ /ಡೆವ್/ಎಸ್‌ಡಿಬಿ 1. ಡಿಸ್ಕ್ ಹೆಸರಿಗೂ 1ಕ್ಕೂ ನಡುವೆ ಜಾಗ ಬಿಡಬೇಕು. ಬಹಳ ಜನ ಎಸ್‌ಡಿಬಿ1 ಅಂತ ಸೇರಿಸಿ ಬರೆದು, ತಪ್ಪು ಬಂತು ಅಂತ ಗಾಬರಿ ಆಗುತ್ತಾರೆ.

ಹಳೇ ಲೇಖನಗಳಲ್ಲಿ ಎಫ್‌ಡಿಸ್ಕ್‌ನಿಂದ ಪಾರ್ಟಿಷನ್ ಅಳಿಸಿ, ಅದೇ ಜಾಗದಿಂದ ಮತ್ತೆ ಮಾಡಿ ಅಂತ ಇರುತ್ತೆ. ಆಗುತ್ತೆ, ನಾನೂ ಮಾಡಿದ್ದೇನೆ. ಶುರುವಿನ ಸೆಕ್ಟರ್ ಒಂದು ಅಂಕಿ ತಪ್ಪಿದರೂ ಫೈಲ್‌ಸಿಸ್ಟಮ್ ಕಾಣಿಸಲ್ಲ. ಕೊನೆಯಲ್ಲಿ ಅದು "ಹಳೇ ಸಿಗ್ನೇಚರ್ ಅಳಿಸಲಾ" ಅಂತ ಬೇರೆ ಕೇಳುತ್ತೆ. ಅಲ್ಲಿ ಅಭ್ಯಾಸಬಲದಿಂದ ಯೆಸ್ ಅಂದವರ ಕಷ್ಟ ನೋಡಿದ್ದೇನೆ. ಗ್ರೋಪಾರ್ಟ್ ಸಿಗುವಾಗ ಆ ದಾರಿ ಬೇಡ.

ಎಫ್‌ಡಿಸ್ಕ್ ಅಥವಾ ಪಾರ್ಟೆಡ್ ತೆರೆದರೆ "ಜಿಪಿಟಿಯ ನಕಲು ಡಿಸ್ಕ್‌ನ ಕೊನೆಯಲ್ಲಿ ಇಲ್ಲ" ಅನ್ನುವ ಎಚ್ಚರಿಕೆ ಬರಬಹುದು. ಹೆದರಬೇಡಿ. ಜಿಪಿಟಿ ಅಂದರೆ ಈಗಿನ ಪಾರ್ಟಿಷನ್ ಪಟ್ಟಿಯ ಮಾದರಿ. ಅದು ತನ್ನ ಪಟ್ಟಿಯ ಒಂದು ನಕಲನ್ನು ಡಿಸ್ಕ್‌ನ ಕೊನೆಯಲ್ಲಿ ಇಡುತ್ತೆ. ಡಿಸ್ಕ್ ಬೆಳೆದದ್ದರಿಂದ ಆ ಹಳೇ ಕೊನೆ ಈಗ ಮಧ್ಯಕ್ಕೆ ಬಂದಿದೆ. ಗ್ರೋಪಾರ್ಟ್ ಅದನ್ನು ತಾನೇ ಸರಿ ಮಾಡುತ್ತೆ. ಪಾರ್ಟೆಡ್‌ನಲ್ಲಿ ಕೇಳಿದರೆ ಫಿಕ್ಸ್ ಅನ್ನಿ.

ಎರಡು ಕಡೆ ಗ್ರೋಪಾರ್ಟ್ ಕೈ ಚೆಲ್ಲುತ್ತೆ. ಒಂದು, ನಿಮ್ಮ ಪಾರ್ಟಿಷನ್ ಆದ ಮೇಲೆ ಇನ್ನೊಂದು ಪಾರ್ಟಿಷನ್ ಇದ್ದಾಗ. ನಿಮ್ಮ ಗದ್ದೆಗೂ ಕೊಂಡ ಗದ್ದೆಗೂ ನಡುವೆ ಬೇರೆಯವರ ಜಮೀನು ಇದ್ದಂತೆ. ಎರಡು, ಡಿಸ್ಕ್ ಹಳೇ ಎಂಬಿಆರ್ ಮಾದರಿಯಲ್ಲಿದ್ದು 2 ಟಿಬಿ ದಾಟಬೇಕಾದಾಗ. 512 ಬೈಟ್ ಸೆಕ್ಟರ್‌ನ ಎಂಬಿಆರ್ ಅದಕ್ಕಿಂತ ಮುಂದೆ ಎಣಿಸಲಾರದು. ಎರಡೂ ಸಂದರ್ಭದಲ್ಲಿ ನನ್ನ ಸಲಹೆ ಒಂದೇ. ಪಾರ್ಟಿಷನ್ ಸರಿಸುವ ಸಾಹಸ ಬೇಡ. ವಿಎಂಗೆ ಹೊಸ ದೊಡ್ಡ ಡಿಸ್ಕ್ ಸೇರಿಸಿ, ಜಿಪಿಟಿ ಮಾಡಿ, ಆರ್‌ಸಿಂಕ್‌ನಿಂದ ಡೇಟಾ ಸಾಗಿಸಿ, ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಏನನ್ನು ಎಲ್ಲಿ ಮೌಂಟ್ ಮಾಡಬೇಕು ಅನ್ನುವ ಪಟ್ಟಿ) ಹೊಸ ಯುಯುಐಡಿ (ಫೈಲ್‌ಸಿಸ್ಟಮ್‌ನ ಗುರುತಿನ ಸಂಖ್ಯೆ) ಹಾಕಿ. ರಾತ್ರಿಯೆಲ್ಲ ಹಿಡಿಯಬಹುದು, ಆದರೆ ಹಳೇ ಡಿಸ್ಕ್ ಹಾಗೇ ಕೈಯಲ್ಲಿ ಉಳಿಯುತ್ತೆ.

ಎಲ್‌ವಿಎಂ ಇದ್ದರೆ

ಎಲ್‌ಎಸ್‌ಬಿಎಲ್‌ಕೆ ಪಟ್ಟಿಯಲ್ಲಿ ಎಲ್‌ವಿಎಂ ಅಂತ ಕಂಡರೆ ಮಾತ್ರ ಈ ಭಾಗ. ಪಿವಿರಿಸೈಜ್ /ಡೆವ್/ಎಸ್‌ಡಿಬಿ1 ಮಾಡಿದರೆ ಎಲ್‌ವಿಎಂಗೆ ಹೊಸ ಜಾಗ ತಿಳಿಯುತ್ತೆ. ವಿಜಿಎಸ್ ಓಡಿಸಿ ಉಳಿಕೆ ನೋಡಿ. ಆಮೇಲೆ ಎಲ್‌ವಿಎಕ್ಸ್‌ಟೆಂಡ್ -ಆರ್ -ಎಲ್ +90%ಫ್ರೀ, ಮುಂದೆ ಲಾಜಿಕಲ್ ವಾಲ್ಯೂಮ್‌ನ ಹೆಸರು. ಫ್ರೀ ಪದ ದೊಡ್ಡ ಅಕ್ಷರದಲ್ಲಿ. ಎಲ್ಲರೂ 100 ಹಾಕುತ್ತಾರೆ. ನಾನು ಹತ್ತರಷ್ಟು ಉಳಿಸುತ್ತೇನೆ, ಎಲ್‌ವಿಎಂ ಸ್ನ್ಯಾಪ್‌ಶಾಟ್ ತೆಗೆಯಬೇಕಾದಾಗ ಜಾಗ ಇರಲಿ ಅಂತ. -ಆರ್ ಇದ್ದರೆ ಫೈಲ್‌ಸಿಸ್ಟಮ್ ಕೂಡ ಅದೇ ಏಟಿಗೆ ಹಿಗ್ಗುತ್ತೆ, ಮುಂದಿನ ಹೆಜ್ಜೆ ಬೇಕಿಲ್ಲ.

ಉಳುಮೆ: ಫೈಲ್‌ಸಿಸ್ಟಮ್

ಇಎಕ್ಸ್‌ಟಿ4 ಆದರೆ ರಿಸೈಜ್2ಎಫ್‌ಎಸ್ /ಡೆವ್/ಎಸ್‌ಡಿಬಿ1. ಎಕ್ಸ್‌ಎಫ್‌ಎಸ್ ಆದರೆ ಎಕ್ಸ್‌ಎಫ್‌ಎಸ್_ಗ್ರೋಎಫ್‌ಎಸ್ /ಡೇಟಾ. ಮೊದಲನೆಯದಕ್ಕೆ ಪಾರ್ಟಿಷನ್ ಹೆಸರು, ಎರಡನೆಯದಕ್ಕೆ ಮೌಂಟ್ ಆದ ಜಾಗ. ಎರಡೂ ಮೌಂಟ್ ಆಗಿರುವಾಗಲೇ ನಡೆಯುತ್ತವೆ, ಕೆಲಸ ನಿಲ್ಲಿಸಬೇಕಿಲ್ಲ. ಎಕ್ಸ್‌ಎಫ್‌ಎಸ್ ಅಂತೂ ಮೌಂಟ್ ಆಗಿರಲೇಬೇಕು. ಇಎಕ್ಸ್‌ಟಿ4 ಅನ್ನು ಅನ್‌ಮೌಂಟ್ ಮಾಡಿ ಹಿಗ್ಗಿಸುವುದಾದರೆ ಮುಂಚೆ ಇ2ಎಫ್‌ಎಸ್‌ಸಿಕೆ -ಎಫ್ ಓಡಿಸಬೇಕು.

ಮಿಲ್‌ನಲ್ಲಿ ಇದು ಕೆಲವೇ ಸೆಕೆಂಡಿನಲ್ಲಿ ಮುಗಿಯಿತು. ಡಿಎಫ್ -ಎಚ್ ಓಡಿಸಿದಾಗ 393ಜಿ ಹತ್ತಿರ ತೋರಿಸಿತು. 400 ಯಾಕಿಲ್ಲ ಅಂತ ಕೇಳಬಹುದು. ಫೈಲ್‌ಸಿಸ್ಟಮ್ ತನ್ನ ಲೆಕ್ಕಪತ್ರಕ್ಕೆ ಸ್ವಲ್ಪ ಜಾಗ ಇಟ್ಟುಕೊಳ್ಳುತ್ತೆ. ಬದುಗಳಿಗೂ ಜಾಗ ಬೇಕಲ್ಲ, ಹಾಗೆ. ಯುಯುಐಡಿ ಬದಲಾಗಿಲ್ಲ, ಹಾಗಾಗಿ ಎಫ್‌ಎಸ್‌ಟ್ಯಾಬ್ ಮುಟ್ಟುವ ಅಗತ್ಯ ಇಲ್ಲ.

ವಿಂಡೋಸ್ ವಿಎಂ ಆದರೆ

ಹೋಸ್ಟ್‌ನ ಕೆಲಸ ಅದೇ. ಒಳಗೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಆ್ಯಕ್ಷನ್ ಮೆನುವಿನಲ್ಲಿ ರಿಸ್ಕ್ಯಾನ್ ಡಿಸ್ಕ್ಸ್ ಒತ್ತಿ. ನಿಮ್ಮ ವಾಲ್ಯೂಮ್‌ನ ಬಲಕ್ಕೆ ಕಪ್ಪು ಪಟ್ಟಿಯ ಖಾಲಿ ಜಾಗ ಕಾಣುತ್ತೆ. ವಾಲ್ಯೂಮ್ ಮೇಲೆ ಬಲ ಕ್ಲಿಕ್, ಎಕ್ಸ್‌ಟೆಂಡ್ ವಾಲ್ಯೂಮ್. ಬದು ಒಡೆಯುವುದು, ಉಳುಮೆ ಎರಡನ್ನೂ ವಿಂಡೋಸ್ ಒಟ್ಟಿಗೆ ಮಾಡುತ್ತೆ. ಎಕ್ಸ್‌ಟೆಂಡ್ ಮಂಕಾಗಿದ್ದರೆ ಬಹುಪಾಲು ನಡುವೆ ಬೇರೆ ಪಾರ್ಟಿಷನ್ ಇರುತ್ತೆ. ಸಿ ಡ್ರೈವ್‌ನಲ್ಲಿ ರಿಕವರಿ ಪಾರ್ಟಿಷನ್ ಹೀಗೆ ಅಡ್ಡ ಕೂರುತ್ತೆ. ಡೇಟಾವನ್ನು ಮೊದಲಿನಿಂದಲೇ ಬೇರೆ ವರ್ಚುವಲ್ ಡಿಸ್ಕ್‌ನಲ್ಲಿ ಇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಮುಗಿದ ಮೇಲೆ

/ಡೇಟಾದಲ್ಲಿ ಒಂದು ಫೈಲ್ ಬರೆದು, ಓದಿ, ಅಳಿಸಿ ನೋಡಿ. ಬಳಸುವವರಿಂದ ಒಂದು ನಿಜವಾದ ಕೆಲಸ ಮಾಡಿಸಿ. ಅವತ್ತು ರಾತ್ರಿ ಗುಮಾಸ್ತರು ಖಾಲಿ ಲಾರಿಯೊಂದನ್ನು ತೂಕದ ಮೇಲೆ ನಿಲ್ಲಿಸಿ ಚೀಟಿ ತೆಗೆದರು. ನಾಲ್ಕು ಫೋಟೊ ಬಂದವು.

ಆಮೇಲೆ ವಿಎಂ ಒಮ್ಮೆ ರೀಬೂಟ್ ಮಾಡಿ, ನೀವು ಅಲ್ಲೇ ಇರುವಾಗಲೇ. ಡಿಸ್ಕ್ ಸರಿಯಾಗಿ ಮೌಂಟ್ ಆಗುತ್ತಾ ಅಂತ ಮುಂದಿನ ಕರೆಂಟ್ ಕಟ್ ಆದ ಮೇಲೆ ತಿಳಿಯುವುದಕ್ಕಿಂತ ಈಗಲೇ ತಿಳಿಯಲಿ. ಬ್ಯಾಕಪ್ ಹೋಗುವ ಡಿಸ್ಕ್‌ನ ಉಳಿಕೆಯನ್ನೂ ನೋಡಿ. ಇಲ್ಲಿ 200 ಜಿಬಿ ಹೆಚ್ಚಾಯಿತು ಅಂದರೆ ಬರುವ ತಿಂಗಳುಗಳಲ್ಲಿ ಅಲ್ಲೂ ಭಾರ ಏರುತ್ತೆ.

ಪ್ರಾಕ್ಸ್‌ಮಾಕ್ಸ್‌ನಲ್ಲಿ ವಿಎಂನ ನೋಟ್ಸ್ ಜಾಗದಲ್ಲಿ ತಾರೀಕು, ಹಳೇ ಗಾತ್ರ, ಹೊಸ ಗಾತ್ರ, ಮಾಡಿದವರ ಹೆಸರು ಬರೆಯಿರಿ. ಇನ್ನು ಡಿಸ್ಕ್ ಶೇ. 80 ತುಂಬಿದ ಕೂಡಲೇ ಮೆಸೇಜ್ ಬರುವಂತೆ ಒಂದು ಚಿಕ್ಕ ಸ್ಕ್ರಿಪ್ಟ್ ಕ್ರಾನ್‌ಗೆ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ವ್ಯವಸ್ಥೆ) ಹಾಕಿ. ಮಿಲ್‌ನಲ್ಲಿ ಆ ಮೆಸೇಜ್ ನನಗೂ ಬರುತ್ತೆ, ಗುಮಾಸ್ತರಿಗೂ ಹೋಗುತ್ತೆ. ಗೇಟಿಗೆ ಮೊದಲ ಲಾರಿ ಬರುವ ಮುಂಚೆ, ಬೆಳಗ್ಗೆ ಆರಕ್ಕೆ ಓಡುವಂತೆ ಇಟ್ಟಿದ್ದೇನೆ.